ಕಾಯಿಸಿ ಆರಿಸಿದ ನೀರು

ಬೀಗದ ಕೈ ಪ್ಯಾಂಟಿನ ಜೇಬಿನಲ್ಲಿ ಕೂತು, ಜೀಪು ಕುಲುಕಿದಾಗಲೆಲ್ಲ ತೊಡೆಗೆ ಚುಚ್ಚುತ್ತಿತ್ತು. ಬೇರೆ ಜೇಬಿಗೆ ಹಾಕಿಕೊಳ್ಳಬಹುದಿತ್ತು. ಚೀಲದೊಳಗೆ ಮೀಟರು, ಸ್ಪ್ಯಾನರುಗಳ ನಡುವೆ ಎಸೆದುಬಿಡಬಹುದಿತ್ತು. ಚುಚ್ಚಿದರೆ ಚುಚ್ಚಲಿ ಎಂದು ಅವನು ಸುಮ್ಮನೆ ಕೂತಿದ್ದ. ಹನ್ನೊಂದು ತಿಂಗಳು ಆಫೀಸಿನ ಮೇಜಿನ ಡ್ರಾಯರಿನಲ್ಲಿ, ಬರೆಯದ ಪೆನ್ನುಗಳು, ರಬ್ಬರ್ ಬ್ಯಾಂಡುಗಳು, ಯಾರದೋ ಮದುವೆಯ ಹಳೇ ಕಾಗದ ಇವುಗಳ ಜೊತೆ ಹಾಯಾಗಿ ಬಿದ್ದುಕೊಂಡಿದ್ದ ಬೀಗದ ಕೈ. ನಿನ್ನೆ ಹುಡುಕುವಾಗ, ಸಿಗದೇ ಹೋದರೆ ಎಷ್ಟು ಚೆನ್ನ ಎಂಬ ಆಸೆಯೊಂದು ಹುಟ್ಟಿತ್ತು. ಸಿಗದಿದ್ದರೆ ಕಳೆದುಹೋಗಿದೆ ಅನ್ನಬಹುದು. ಕಳೆದುಹೋಗುವುದು ಯಾರಿಗಾದರೂ ಆಗುವಂಥದ್ದು. ಹಾಳಾದ್ದು, ಕೈ ಹಾಕಿದ ಕೂಡಲೇ ಬೆರಳಿಗೆ ತಾಗಿತು. ಅದಕ್ಕೆ ಕಟ್ಟಿದ್ದ ಚೀಟಿಯ ಮೇಲೆ ಅವನದೇ ದುಂಡು ಅಕ್ಷರದಲ್ಲಿ ಆಸ್ಪತ್ರೆಯ ನಂಬರು: ನಲವತ್ತೇಳು. ಆ ಅಕ್ಷರ ಬರೆದ ಮನುಷ್ಯನಿಗೆ ಆವತ್ತು ಎಷ್ಟು ಸಮಾಧಾನವಿತ್ತು ಎನ್ನುವುದು ಅಕ್ಷರದಲ್ಲೇ ಕಾಣುತ್ತಿತ್ತು.

ಕರೆಂಟಿನ ಕಂಬ ಹತ್ತಲಾಗದ ಗುಡ್ಡಗಳ ಮೇಲಿನ ಆಸ್ಪತ್ರೆಗಳಿಗೆ ಸೋಲಾರ್ ಹಾಕಿಸುವುದು ಅವನ ಕೆಲಸ. ಆಸ್ಪತ್ರೆ ಅಂದರೆ ದೊಡ್ಡದೇನಲ್ಲ. ಎರಡು ಕೋಣೆ, ಒಂದು ಜಗಲಿ, ಒಬ್ಬ ನರ್ಸು. ಅಂಥವು ಅರವತ್ತೆರಡು, ಅಷ್ಟರ ಮಾಡನ್ನೂ ಅವನು ಸ್ವತಃ ಹತ್ತಿ ಇಳಿದಿದ್ದಾನೆ. ಅದಕ್ಕೆ ಮೊದಲು ಅಲ್ಲೆಲ್ಲ ಹೆರಿಗೆ ಅಂದರೆ ಯಾರಾದರೊಬ್ಬರು ಟಾರ್ಚು ಹಿಡಿದು ಮುಖ ತಿರುಗಿಸಿಕೊಂಡು ನಿಲ್ಲಬೇಕಿತ್ತು. ಮಕ್ಕಳ ಲಸಿಕೆಯನ್ನು ಐಸಿನ ಪೆಟ್ಟಿಗೆಯಲ್ಲಿ ಹೊತ್ತು ತಂದು, ಐಸು ಕರಗುವುದರೊಳಗೆ ಮುಗಿಸಬೇಕಿತ್ತು. ನಲವತ್ತೇಳನೆಯದರಲ್ಲಿ ಮೊದಲ ಸಲ ಬಲ್ಬು ಹತ್ತಿ, ಫ್ರಿಜ್ಜು ಗುಂಯ್ ಎಂದ ದಿನ, ಒಬ್ಬ ಅಜ್ಜಿ ಅವನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಬಿಸಿಲನ್ನ ಹಿಡಿದು ಪೆಟ್ಟಿಗೇಲಿ ಕೂಡಿಹಾಕಿದ ಸಾಹೇಬ ಇವನೇನಾ?" ಅಂದಿದ್ದಳು. ಅಂದಿನಿಂದ ಗುಡ್ಡದ ಜನಕ್ಕೆಲ್ಲ ಅವನು ಬಿಸಿಲು ಸಾಹೇಬ್ರು. ಮನೆಯಲ್ಲಿ ಹೇಳಿಕೊಂಡು ಬೀಗಿದ್ದಕ್ಕೆ ಮಗಳು ಎಷ್ಟೋ ದಿನ ಬಾಗಿಲು ತೆರೆಯುವಾಗ "ಅಮ್ಮಾ, ಬಿಸಿಲು ಸಾಹೇಬ್ರು ಬಂದ್ರು, ಕೊಡೆ ಹಿಡಿ" ಎಂದು ಕೂಗುತ್ತಿದ್ದಳು. ಅವನಿಗೆ ಆ ಹೆಸರು ಹಿಡಿಸಿತ್ತು. ಸುಳ್ಳೇಕೆ, ಈಗಲೂ ಹಿಡಿಸುತ್ತದೆ.

ಮಡಿಲಲ್ಲಿ ಫೈಲು. ಫೈಲಿನೊಳಗೆ ಒಂದೇ ಹಾಳೆ. "ಬ್ಯಾಟರಿ ಕೆಟ್ಟ ಕಾರಣ" ಎಂಬ ಸಾಲಿನ ಕೆಳಗೆ ಮೂರು ಚೌಕ: ಉಪಕರಣದ ದೋಷ, ಬಳಸುವವರ ನಿರ್ಲಕ್ಷ್ಯ, ಇತರೆ. ದೊಡ್ಡ ಸಾಹೇಬರು ಹಾಳೆ ಕೊಡುವಾಗ ಅವನ ಹೆಗಲ ಮೇಲೆ ಕೈ ಇಟ್ಟಿದ್ದರು. "ನೋಡಪ್ಪಾ, ನಡುವಿನದಕ್ಕೆ ಒಂದು ಗುರುತು ಹಾಕಿ ಬಂದುಬಿಡು. ಬರೋ ವರ್ಷ ಇನ್ನೂ ನಲವತ್ತು ಆಸ್ಪತ್ರೆ ನಮ್ಮ ಕೈಗೆ ಬರೋದಿದೆ. ಇಂಥ ಹೊತ್ತಲ್ಲಿ ನಮ್ಮ ಕಡೆ ಬೊಟ್ಟು ಮಾಡೋ ಹಾಗೆ ಆಗಬಾರದು." ನಲವತ್ತು ಆಸ್ಪತ್ರೆ ಅಂದರೆ ನಲವತ್ತು ಕಡೆ ಬೆಳಕು, ಅದೇನು ಸಣ್ಣ ಮಾತಾ? ಅವನು ಹೂಂ ಅಂದಿದ್ದ. ಹೂಂ ಅನ್ನುವುದು ಅವನಿಗೆ ಎಂದೂ ಕಷ್ಟವಾದದ್ದಲ್ಲ, ಮೇಲಿನವರ ಮುಂದೆ.

"ಸಾರ್, ಆ ಸಿಸ್ಟರಮ್ಮನ ಕಥೆ ಕೇಳಿದ್ರಾ?" ಎಂದ ಡ್ರೈವರು. ಅವನಿಗಿಂತ ಹತ್ತು ವರ್ಷ ದೊಡ್ಡವನು, ದಾರಿ ಖಾಲಿ ಇದ್ದರೆ ಬಾಯಿ ಖಾಲಿ ಇಡುವವನಲ್ಲ.

"ಯಾವ ಕಥೆ?"

"ಅದೇ, ಔಷಧಿ ಕೆಡಿಸಿದ್ಲಲ್ಲ. ಈಗ ಮೂರೂರಿನವರೂ ಮಕ್ಕಳಿಗೆ ಅವಳ ಕೈಲಿ ಸೂಜಿ ಹಾಕಿಸಲ್ವಂತೆ. ಆ ಕಡೆ ಕೆಳಗಿನ ಹಳ್ಳೀಲಿ ದಡಾರ ಬೇರೆ ಶುರುವಾಗಿದೆ. ಆದರೂ ಬೇಡವೇ ಬೇಡ ಅಂತ ಕೂತಿದ್ದಾರೆ." ಒಂದು ಹಳ್ಳ ದಾಟಿಸಿ, ಗೇರು ಬದಲಿಸಿ, ತಾನೇ ನಕ್ಕ. "ಬ್ಯಾಟರಿಗೆ ಕಾಯಿಸಿ ಆರಿಸಿದ ನೀರು ಕುಡಿಸಿದ್ಲಂತಲ್ಲ ಸಾರ್! ಬ್ಯಾಟರಿ ಏನು ಕೂಸಾ ಅಂತ ನೀವೇ ಕೇಳಿದ್ದಂತೆ. ಸಂತೇಲೂ ಅದನ್ನೇ ಹೇಳ್ಕೊಂಡು ನಗ್ತಾರೆ. ಏನು ಮಾತು ಸಾರ್ ನಿಮ್ಮದು!"

ಬ್ಯಾಟರಿ ಸತ್ತು ಎರಡು ತಿಂಗಳಾಯಿತು, ಮಾತು ಮಾತ್ರ ಇನ್ನೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದೆ. ಅವನು ಕಿಟಕಿಯ ಕಡೆ ತಿರುಗಿದ. ಆ ದಿನ ಅವನು ಸಾಲಾಗಿ ನಾಲ್ಕು ಆಸ್ಪತ್ರೆ ನೋಡಿ ಬಂದಿದ್ದ, ಬೆಳಗಿನಿಂದ ಹೊಟ್ಟೆಗೆ ಏನೂ ಇರಲಿಲ್ಲ; ಇಷ್ಟು ದಿನ ತನಗೆ ತಾನೇ ಹೇಳಿಕೊಂಡು ಬಂದ ಕಾರಣ ಇದು. ಜಗಲಿಯ ತುಂಬ ತಾಯಂದಿರು, ಕಂಕುಳಲ್ಲಿ ಮಕ್ಕಳು. ನರ್ಸು ಒಳಗಿನಿಂದ ಬಂದವಳೇ, ಶಾಲೆಯಲ್ಲಿ ಲೆಕ್ಕ ಸರಿ ಬಂದವರ ಹುರುಪಿನಲ್ಲಿ, "ಸರ್, ಬ್ಯಾಟರೀಲಿ ನೀರು ಇಳಿದಿತ್ತು, ನಾನೇ ತುಂಬಿಸಿದೆ" ಅಂದಿದ್ದಳು. ಯಾವ ನೀರು? "ಚೆನ್ನಾಗಿ ಇಪ್ಪತ್ತು ನಿಮಿಷ ಕುದಿಸಿ, ಆರಿಸಿ, ಬಟ್ಟೇಲಿ ಸೋಸಿ ಹಾಕಿದ್ದೀನಿ ಸರ್." ಅವಳ ಮಟ್ಟಿಗೆ ಅದಕ್ಕಿಂತ ಶುದ್ಧ ನೀರು ಜಗತ್ತಿನಲ್ಲಿಲ್ಲ. ಇಪ್ಪತ್ತೆರಡು ವರ್ಷ ಕತ್ತರಿ, ಚಿಮುಟ, ಕರುಳಬಳ್ಳಿ ಕಟ್ಟುವ ದಾರ ಎಲ್ಲವನ್ನೂ ಆ ನೀರಿನಲ್ಲೇ ಅದ್ದಿದವಳು. ಬ್ಯಾಟರಿಗೆ ಅಂಗಡಿಯಲ್ಲಿ ಸಿಗುವ ಬ್ಯಾಟರಿ ನೀರೇ ಆಗಬೇಕು, ಕುದಿಸಿದ ನೀರಿನಲ್ಲಿ ಉಪ್ಪು ಉಳಿದಿರುತ್ತದೆ, ಅದು ಒಳಗಿನ ಹಲಗೆಗಳನ್ನು ತಿನ್ನುತ್ತದೆ ಎಂದು ಎರಡು ಮಾತಿನಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು. ಅವಳು ಹಾಕಿದ್ದು ಒಂದು ಲೋಟದಷ್ಟು, ಅದರಿಂದ ಏನೂ ಆಗುತ್ತಿರಲಿಲ್ಲ, ಅದೂ ಅವನಿಗೆ ಗೊತ್ತಿತ್ತು. ಆದರೆ ಜಗಲಿಯ ಮೇಲೆ ಅಷ್ಟು ಜನ ಅವನ ಬಾಯಿಯನ್ನೇ ನೋಡುತ್ತಿದ್ದರು. ಜನ ನೋಡುತ್ತಿದ್ದರೆ ಅವನ ನಾಲಿಗೆಗೆ ಎಲ್ಲಿಲ್ಲದ ಹುಮ್ಮಸ್ಸು ಬರುತ್ತದೆ.

"ಬ್ಯಾಟರಿ ಏನು ಕೂಸಾ ತಾಯೀ, ಕಾಯಿಸಿ ಆರಿಸಿದ ನೀರು ಕುಡಿಸೋಕೆ?" ಅಂದಿದ್ದ. ಜಗಲಿ ಘೊಳ್ಳೆಂದಿತು. ಗಲ್ಲ ಹಿಡಿದು ನೋಡಿದ್ದ ಅಜ್ಜಿಯಂತೂ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಅಲ್ಲಿಗಾದರೂ ನಿಲ್ಲಿಸಬೇಕಿತ್ತು. ನಗು ಕೇಳಿ ಇನ್ನಷ್ಟು ಏರಿ, "ಓದಿರೋರು ತಾನೇ ನೀವು? ನಿಮ್ಮ ಕೆಲಸ ಸೂಜಿ ಚುಚ್ಚೋದು, ಅದನ್ನ ಮಾಡಿ. ನನ್ನ ಪೆಟ್ಟಿಗೆ ಮುಟ್ಟಿದರೆ ಚೆನ್ನಾಗಿರಲ್ಲ" ಎಂದು, ಜೀಪಿನಿಂದ ಬೀಗ ತರಿಸಿ, ಒಳಗೆ ಬ್ಯಾಟರಿ ಇದ್ದ ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬಂದು, ಅವರೆಲ್ಲರ ಎದುರಿಗೇ ಬೀಗದ ಕೈಯನ್ನು ಮೇಲಕ್ಕೆ ಎಸೆದು ಹಿಡಿದು ಜೇಬಿಗಿಳಿಸಿದ್ದ. ಎಸೆದು ಹಿಡಿದದ್ದು ಯಾಕೆ? ಎಸೆಯುವ ಅಗತ್ಯ ಏನಿತ್ತು? ರಾತ್ರಿ ನಿದ್ದೆ ಬರದಾಗ ಬೇರೆ ಎಲ್ಲದಕ್ಕೂ ಒಂದೊಂದು ಸಮಜಾಯಿಷಿ ಸಿಗುತ್ತದೆ, ಆ ಎಸೆದು ಹಿಡಿದದ್ದಕ್ಕೆ ಸಿಗುವುದಿಲ್ಲ. ನರ್ಸು ಕಿವಿಯ ತುದಿ ಕೆಂಪಾಗಿ, ಕೈಯಲ್ಲಿದ್ದ ಹತ್ತಿಯ ಉಂಡೆಯನ್ನು ಚಿಕ್ಕದಾಗಿ, ಇನ್ನೂ ಚಿಕ್ಕದಾಗಿ ಹೊಸೆಯುತ್ತ ನಿಂತಿದ್ದಳು. ಹೆಂಡತಿಗೆ ಈ ಕಥೆಯನ್ನು ತಮಾಷೆಯಾಗಿ ಹೇಳಲು ಹೋದಾಗ ಅವಳು ನಗಲಿಲ್ಲ. "ಬೀಗ ಪೆಟ್ಟಿಗೆಗಲ್ಲ ರೀ, ನಿಮ್ಮ ಬಾಯಿಗೆ ಹಾಕಬೇಕಿತ್ತು. ಮೊನ್ನೆ ನೆಂಟರ ಮುಂದೆ ಮಗಳನ್ನ ದಡ್ಡಿ ಅಂದ್ರಲ್ಲ, ಅವತ್ತಿಂದ ಅವಳು ನಿಮ್ಮ ಹತ್ರ ಒಂದು ಲೆಕ್ಕ ಕೇಳಿದ್ದಾಳಾ?" ಅಂದಳು. ಕೇಳಿರಲಿಲ್ಲ. ಅವನು ಅದನ್ನು ಗಮನಿಸಿಯೂ ಇರಲಿಲ್ಲ.

ಆಸ್ಪತ್ರೆ ಕಂಡಿತು. ಮಾಡಿನ ಮೇಲೆ ಅವನ ಸೋಲಾರ್ ಹಲಗೆಗಳು ಬೆಳಗಿನ ಬಿಸಿಲಿಗೆ ಮೈಯೊಡ್ಡಿಕೊಂಡು ಮಿರಿಮಿರಿ ಹೊಳೆಯುತ್ತಿದ್ದವು. ಅವು ತಮ್ಮ ಕೆಲಸ ತಾವು ಮಾಡುತ್ತಲೇ ಇವೆ, ಬಿಸಿಲನ್ನು ಕೆಳಗೆ ಕಳಿಸುತ್ತಲೇ ಇವೆ. ಕೆಳಗೆ ಹಿಡಿದಿಟ್ಟುಕೊಳ್ಳುವವರು ಇಲ್ಲ ಅಷ್ಟೇ. ಜಗಲಿಯಲ್ಲಿ ಎಂಟು ಹೆಂಗಸರು. ಸೂಜಿ ಹಾಕಿಸುವುದಿಲ್ಲವಂತೆ ಅಂದಿದ್ದನಲ್ಲ ಡ್ರೈವರು? ಜೀಪು ನಿಲ್ಲುತ್ತಿದ್ದಂತೆ ಎಲ್ಲರೂ ಎದ್ದು ನಿಂತರು. ಅಜ್ಜಿ ಮೊಮ್ಮಗುವನ್ನು ಸೊಸೆಯ ಕೈಗೆ ದಾಟಿಸಿ, "ಬಂದ್ರಾ ಬಿಸಿಲು ಸಾಹೇಬ್ರೆ? ಸೊರಗಿಬಿಟ್ಟಿದ್ದೀರಿ" ಎಂದಳು. ನರ್ಸು ಬಾಗಿಲಲ್ಲಿದ್ದಳು. ಅವಳನ್ನು ಯಾರೂ ಮಾತಾಡಿಸುತ್ತಿರಲಿಲ್ಲ ಎನ್ನುವುದು, ಅವಳ ಸುತ್ತ ಬಿಟ್ಟಿದ್ದ ಖಾಲಿ ಜಾಗದಿಂದಲೇ ತಿಳಿಯುತ್ತಿತ್ತು. ಕುರ್ಚಿಯನ್ನು ಒರೆಸಿ ಅವನ ಕಡೆ ಸರಿಸಿದಳು. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದಳು.

ಒಳಗೆ ನರ್ಸು ಫ್ರಿಜ್ಜಿನ ಬಾಗಿಲು ತೆರೆದು ತೋರಿಸಿದಳು. ಲಸಿಕೆಯ ಬಾಟಲಿಗಳಿರಬೇಕಾದ ಖಾನೆಗಳಲ್ಲಿ ರಿಜಿಸ್ಟರುಗಳನ್ನು ಸಾಲಾಗಿ ಜೋಡಿಸಿದ್ದಳು, ಮೇಲಿನ ಖಾನೆಯಲ್ಲಿ ಬ್ಯಾಂಡೇಜು. ಇಲಿ ಬರದ ಕಪಾಟು ಅದೊಂದೇ ಎಂದು ಸಂಕೋಚದಿಂದ ವಿವರಿಸಿದಳು. ಬಾಗಿಲಿಗೆ ಅಂಟಿಸಿದ್ದ ಹಾಳೆಯಲ್ಲಿ ದಿನಕ್ಕೆ ಎರಡು ಸಲ ಬರೆಯಬೇಕಾದ ಉಷ್ಣಾಂಶ, ಬೆಳಿಗ್ಗೆ ಸಂಜೆ, ಬೆಳಿಗ್ಗೆ ಸಂಜೆ, ಒಂದು ದಿನವೂ ತಪ್ಪಿಸಿರಲಿಲ್ಲ. ಆರು, ಐದು, ಆರು, ಏಳು. ಎರಡು ತಿಂಗಳ ಹಿಂದಿನ ಒಂದು ಶುಕ್ರವಾರ, ಶನಿವಾರ ಮಾತ್ರ ಖಾಲಿ. ಗುಡ್ಡದ ಆಚೆಯ ಮನೆಗಳಿಗೆ ಬಸುರಿಯರನ್ನು ನೋಡಲು ಹೋಗಿದ್ದಳು. ಭಾನುವಾರ ಬೆಳಿಗ್ಗೆ: ಇಪ್ಪತ್ತೊಂಬತ್ತು. ಅದರ ಕೆಳಗೆ ಏನೂ ಇಲ್ಲ. ಬಿಸಿ ತಾಗಿದರೆ ಲಸಿಕೆಯ ಬಾಟಲಿಯ ಮೇಲಿನ ಚಿಕ್ಕ ಚೌಕ ಕಪ್ಪಾಗುತ್ತದೆ. ಎಲ್ಲ ಬಾಟಲಿಗಳ ಚೌಕವೂ ಕಪ್ಪಾಗಿತ್ತು. ಅವಳು ಅವನ್ನೆಲ್ಲ ಎಣಿಸಿ, ಬರೆದು, ಹಿಂದಿರುಗಿಸಿದಳು. ಹಿಂದಿನ ವಾರಗಳಲ್ಲೂ ರಾತ್ರಿ ಹೊತ್ತು ಫ್ರಿಜ್ಜು ನಿಂತು ನಿಂತು ಓಡಿರಬಹುದು ಎಂದು ಅನುಮಾನ ಬಂದು, ಆ ವಾರಗಳಲ್ಲಿ ಸೂಜಿ ಹಾಕಿಸಿಕೊಂಡಿದ್ದ ನಲವತ್ತೊಂದು ಮಕ್ಕಳ ಮನೆಗೂ ನಡೆದು ಹೋಗಿ, "ಔಷಧಿ ಶಕ್ತಿ ಕಳ್ಕೊಂಡಿರಬಹುದು, ಇನ್ನೊಂದು ಸಲ ಹಾಕಿಸಬೇಕು" ಎಂದು ಹೇಳಿದಳು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದ್ದಕ್ಕೇ ಅವಳು ಔಷಧಿ ಕೆಡಿಸಿದವಳಾದಳು. ಜನಕ್ಕೆ ಕಾರಣ ಹುಡುಕುವ ಕಷ್ಟವೂ ಇರಲಿಲ್ಲ, ಕಾಯಿಸಿ ಆರಿಸಿದ ನೀರು ಎಂಬ ಕಾರಣವನ್ನು ಅವನು ಮೊದಲೇ ಮಾಡಿಕೊಟ್ಟು ಹೋಗಿದ್ದ.

"ಸರ್," ಎಂದಳು ನರ್ಸು. ಬೆಳಗಿನಿಂದ ಹೇಳಿ ಹೇಳಿ ರೂಢಿ ಮಾಡಿಕೊಂಡ ಮಾತಿನ ಹಾಗೆ ಒಂದೇ ಉಸಿರಿನಲ್ಲಿ ಬಂತು. "ನಾನು ಮುಟ್ಟಿಲ್ಲ. ಅವತ್ತು ನೀವು ಹೇಳಿದ ಮೇಲೆ ಒಂದು ದಿನ ಅಂದ್ರೆ ಒಂದು ದಿನ ಮುಟ್ಟಿಲ್ಲ. ಬೇಕಾದ್ರೆ ಬೀಗ ನೋಡಿ."

ಅವನಿಗೆ ಅವಳ ಮುಖ ನೋಡಲಾಗಲಿಲ್ಲ. ತಾನು ನಿರಪರಾಧಿ ಎಂದು ಅವಳು ಮುಂದೆ ಹಿಡಿದದ್ದು ಅವನ ಅಪರಾಧವನ್ನು. ಅದು ಅವಳಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿತ್ತೋ ಏನೋ. ಹಿಂದಿನ ಕೋಣೆಯಲ್ಲಿ ಪೆಟ್ಟಿಗೆಯ ಮುಂದೆ ಕುಕ್ಕುರುಗಾಲಲ್ಲಿ ಕೂತ. ಬೀಗ ಹಾಕಿದ ಹಾಗೆಯೇ ಇತ್ತು, ಅದರ ಮೇಲೆ ಧೂಳೂ ಇರಲಿಲ್ಲ, ದಿನಾ ಒರೆಸುತ್ತಿದ್ದಳು ಅಂತ ಕಾಣುತ್ತದೆ. ಪೆಟ್ಟಿಗೆಯ ಪಕ್ಕದಲ್ಲಿ, ಬಿಳಿ ಬಟ್ಟೆ ಮುಚ್ಚಿದ ಒಂದು ಕ್ಯಾನು. ಬಟ್ಟೆ ಎತ್ತಿದ. ಐದು ಲೀಟರ್ ಬ್ಯಾಟರಿ ನೀರು, ಮುಚ್ಚಳದ ಸೀಲು ಒಡೆದಿರಲಿಲ್ಲ. ಕ್ಯಾನಿನ ಮೇಲೆ ತರಿಸಿದ ತಾರೀಖು ಬರೆದಿತ್ತು, ಏಳು ತಿಂಗಳ ಹಿಂದಿನದು. ಯಾವ ನೀರು ಹಾಕಬೇಕು ಎಂದು ಅವನು ಹೇಳಿರಲಿಲ್ಲ, ಅವಳು ಯಾರನ್ನೋ ಕೇಳಿ ತಿಳಿದುಕೊಂಡು, ಪೇಟೆಯಿಂದ ಹೊರಿಸಿ ತಂದು, ಬೀಗದ ಪಕ್ಕದಲ್ಲಿಟ್ಟು ಅವನಿಗಾಗಿ ಕಾದಿದ್ದಳು.

ಬೀಗದ ಕೈ ಸಲೀಸಾಗಿ ತಿರುಗಿತು. ನಾಲ್ಕು ಬ್ಯಾಟರಿ, ಒಂದೊಂದರ ಮೇಲೂ ನೀರಿನ ಮಟ್ಟ ತೋರಿಸುವ ಪುಟ್ಟ ಕಡ್ಡಿಗಳು. ಮಟ್ಟ ಸರಿಯಿದ್ದರೆ ತಲೆ ಎತ್ತಿಕೊಂಡಿರಬೇಕಾದವು, ಎಲ್ಲವೂ ಒಳಗೆ ಇಳಿದು ಕಾಣೆಯಾಗಿದ್ದವು. ಒಂದು ಮುಚ್ಚಳ ಬಿಚ್ಚಿ ಟಾರ್ಚು ಬಿಟ್ಟ. ಹಲಗೆಗಳು ಬೆಳ್ಳಗೆ ಒಣಗಿ ನಿಂತಿದ್ದವು. ಪೆಟ್ಟಿಗೆ ಬೀಗವಿಲ್ಲದೆ ಇದ್ದಿದ್ದರೆ ಆ ಕಡ್ಡಿಗಳು ಇಳಿಯುವುದನ್ನು ಅವಳು ಮೊದಲ ದಿನವೇ ನೋಡುತ್ತಿದ್ದಳು. ಈ ಹೆಂಗಸಿನ ಕಣ್ಣಿಗೆ ಏನೂ ತಪ್ಪುತ್ತಿರಲಿಲ್ಲ.

"ಬೀಗ ಒಡೀಬಹುದಿತ್ತಲ್ಲ," ಎಂದ.

"ಒಡೆಯೋದಾ? ನೀವು ಹಾಕಿದ ಬೀಗಾನಾ?" ಅವಳು ನಿಜವಾಗಿಯೂ ಬೆಚ್ಚಿದಳು. ಆಮೇಲೆ ಮೆಲ್ಲಗೆ, "ಎರಡು ಸಲ ಫೋನ್ ಮಾಡಿದ್ದೆ ಸರ್. ನೀರು ಹಾಕೋಕೆ ಯಾವಾಗ ಬರ್ತೀರಿ ಅಂತ ಕೇಳಿದ್ದಕ್ಕೆ, ಲೈಟು ಉರೀತಿದೆಯಾ ಅಂದ್ರಿ. ಉರೀತಿದೆ ಅಂದೆ. ಮತ್ತೆ ಇನ್ನೇನು, ಅದನ್ನ ನನಗೆ ಬಿಡಿ ಅಂದ್ರಿ. ಬಿಟ್ಟೆ" ಎಂದಳು.

ಎರಡನೆಯ ಸಲ ಅವನು ಚಪ್ಪಲಿ ಅಂಗಡಿಯಲ್ಲಿದ್ದ. ಒಂದು ಕಾಲಿಗೆ ಹೊಸ ಬೂಟು, ಇನ್ನೊಂದು ಕಾಲು ಬರೀ ಕಾಲುಚೀಲದಲ್ಲಿ, ಕಿವಿಗೂ ಹೆಗಲಿಗೂ ನಡುವೆ ಫೋನು. ಅಂಗಡಿಯವನು ಬಗ್ಗಿ ಹೆಬ್ಬೆರಳ ಹತ್ತಿರ ಒತ್ತಿ ನೋಡುತ್ತಿದ್ದ. ಅದನ್ನ ನನಗೆ ಬಿಡಿ. ಬೂಟು ಸ್ವಲ್ಪ ಬಿಗಿಯಾಯಿತು ಅನ್ನುವುದು ಆಗ ಅವನಿಗೆ ದೊಡ್ಡ ವಿಷಯವಾಗಿತ್ತು. ಅದೇ ಸಂಜೆ ಆಫೀಸಿನಲ್ಲಿ ಕೂತು, ಮೂರು ತಿಂಗಳಿಗೊಮ್ಮೆ ಹೋಗಿ ನೋಡಿ ತುಂಬಬೇಕಾದ ಹಾಳೆಗಳನ್ನು ಅವನು ಹೋಗದೆಯೇ ತುಂಬಿದ್ದ, ಹನ್ನೆರಡು ಆಸ್ಪತ್ರೆಗಳದ್ದು, ಒಂದೇ ಪಟ್ಟಿಗೆ. ನೀರಿನ ಮಟ್ಟ: ಸರಿ. ನೀರಿನ ಮಟ್ಟ: ಸರಿ. ಕೊನೆಕೊನೆಗೆ ಕೈ ತಾನಾಗಿಯೇ ಬರೆಯುತ್ತಿತ್ತು. ಛೀ ಎಂದುಕೊಂಡ. ಗಟ್ಟಿಯಾಗಿಯೇ ಅಂದಿರಬೇಕು, ನರ್ಸು ಒಂದು ಹೆಜ್ಜೆ ಹಿಂದೆ ಸರಿದಳು.

ಅವಳು ಚಹಾ ತರಲು ಹೋದಾಗ ಹಾಳೆಯನ್ನು ಮೇಜಿನ ಮೇಲೆ ಹರಡಿದ. ನಡುವಿನ ಚೌಕ ಪೆನ್ನಿನ ಮೊನೆಗೆ ಎಷ್ಟು ಹತ್ತಿರವಿತ್ತು! ಒಂದು ಗೀರು. ಅವಳನ್ನು ಕೆಲಸದಿಂದ ತೆಗೆಯುವುದಿಲ್ಲ, ಬೇರೆ ಎಲ್ಲಿಗಾದರೂ ವರ್ಗ ಮಾಡುತ್ತಾರೆ, ಅವಳಿಗೂ ಈ ಜನರ ಕಾಟ ತಪ್ಪುತ್ತದೆ, ಒಂದು ರೀತಿಯಲ್ಲಿ ಅವಳಿಗೇ ಒಳ್ಳೆಯದು. ಈ ಒಂದು ರೀತಿಯಲ್ಲಿ ಎನ್ನುವ ಮಾತು ತಲೆಯಲ್ಲಿ ಮೂಡಿದ್ದೇ ಅವನಿಗೆ ತನ್ನ ಮೇಲೆ ಎಂಥ ಅಸಹ್ಯ ಬಂತೆಂದರೆ, ಮೂರನೆಯ ಚೌಕಕ್ಕೆ ಗುರುತು ಹಾಕಿ, ನಿಲ್ಲಿಸದೆ ಬರೆದ. ಬ್ಯಾಟರಿ ಪೆಟ್ಟಿಗೆಗೆ ಬೀಗ ಹಾಕಿದವನು ನಾನು. ಬೀಗದ ಕೈ ಹನ್ನೊಂದು ತಿಂಗಳು ನನ್ನ ಬಳಿ ಇತ್ತು. ಇಲ್ಲಿನ ನರ್ಸು ಎರಡು ಸಲ ಫೋನ್ ಮಾಡಿದರೂ ನಾನು ಬರಲಿಲ್ಲ. ಬರದೆಯೇ ನೀರಿನ ಮಟ್ಟ ಸರಿ ಎಂದು ವರದಿ ಬರೆದಿದ್ದೇನೆ. ಬ್ಯಾಟರಿ ನೀರಿಲ್ಲದೆ ಒಣಗಿ ಕೆಟ್ಟಿದೆ. ಇದರಲ್ಲಿ ನರ್ಸಿನ ತಪ್ಪು ಏನೂ ಇಲ್ಲ. ಬರೆದು ಮುಗಿಸಿದಾಗ ಬೆನ್ನು ನೆಟ್ಟಗಾಗಿತ್ತು. ದೊಡ್ಡ ಸಾಹೇಬರ ಮುಖ ಕಣ್ಣ ಮುಂದೆ ಬಂತು, ಬರಲಿ. ಕೆಲಸ ಹೋದರೆ ಹೋಗಲಿ. ಎಷ್ಟೋ ತಿಂಗಳಲ್ಲಿ ಮೊದಲ ಸಲ ಹಸಿವಾಯಿತು. ತಾನೂ ಅಷ್ಟೇನು ಕೆಟ್ಟವನಲ್ಲ ಅನಿಸಿ, ಕಣ್ಣಲ್ಲಿ ಸ್ವಲ್ಪ ನೀರೂ ಬಂತು.

ನರ್ಸು ಚಹಾ ತಂದಿಟ್ಟಳು. ಅವನು ಹಾಳೆಯನ್ನು ಅವಳಿಗೆ ಪೂರ್ತಿ ಓದಿ ಹೇಳಿದ, ಒಂದು ಪದವೂ ಬಿಡದೆ. ಅವಳು ನಿಂತೇ ಕೇಳಿದಳು. ಕ್ಷಮೆಯ ಒಂದು ಮಾತಿಗೆ, ಅದಲ್ಲದಿದ್ದರೆ ಅಳುವಿಗೆ, ಅವನು ಕಾಯುತ್ತಿದ್ದ.

"ಈ ಕಾಗದ ಎಲ್ಲಿಗೆ ಹೋಗುತ್ತೆ ಸರ್?"

"ನಮ್ಮ ಹೆಡ್ ಆಫೀಸಿಗೆ. ಅಲ್ಲಿಂದ ನಿಮ್ಮ ಇಲಾಖೆಗೆ. ನಿಮ್ಮ ಮೇಲೆ ಒಂದು ಮಾತೂ ಬರಲ್ಲ, ಚಿಂತೆ ಮಾಡಬೇಡಿ."

"ಅಲ್ಲಿ ನನ್ನನ್ನ ಯಾರು ಬಲ್ಲರು?" ಎಂದಳು. ಕೋಪದ ದನಿಯಲ್ಲ, ಬರೀ ಕೇಳಿದ ಹಾಗಿತ್ತು. "ಹೊರಗೆ ಎಂಟು ಜನ ಕೂತಿದ್ದಾರಲ್ಲ ಸರ್, ನೀವು ಬರ್ತೀರಿ ಅಂತ ಹೇಳಿ ಕರೆಸಿದ್ದೀನಿ. ನಿಮ್ಮ ಬಾಯಿಂದ ಕೇಳೋಕೆ ಬಂದಿದ್ದಾರೆ, ನನ್ನ ಕೈಲಿ ಸೂಜಿ ಹಾಕಿಸೋಕಲ್ಲ. ಬೆಳಿಗ್ಗೆ ಕೆಳಗಿಂದ ಐಸ್ ಪೆಟ್ಟಿಗೇಲಿ ದಡಾರದ ಲಸಿಕೆ ಹೊತ್ತು ತಂದಿದ್ದೀನಿ, ಸಂಜೆ ತನಕ ಅಷ್ಟೇ ಇರೋದು." ಮೇಜಿನ ಕೆಳಗಿದ್ದ ನೀಲಿ ಪೆಟ್ಟಿಗೆಯನ್ನು ಕಾಲಿನಿಂದ ತೋರಿಸಿದಳು. "ಅವತ್ತು ಅವರ ಮುಂದೇನೇ ಅಂದ್ರಿ. ಇವತ್ತು ಅವರ ಮುಂದೇನೇ ಇದನ್ನ ಓದಿಬಿಡಿ. ನನಗೆ ಅಷ್ಟು ಸಾಕು."

ಇಷ್ಟು ಉದ್ದದ ಮಾತನ್ನು ಅವಳ ಬಾಯಲ್ಲಿ ಅವನು ಕೇಳಿರಲಿಲ್ಲ. "ಓದೋದು ಯಾಕೆ, ಹೇಳ್ತೀನಿ ಬಿಡಿ," ಎಂದು ಎದ್ದ. ಚಹಾ ಹಾಗೆಯೇ ಉಳಿಯಿತು. ಮೇಜಿನಿಂದ ಬಾಗಿಲಿಗೆ ಐದು ಹೆಜ್ಜೆ. ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲೇ ಇತ್ತು, ಈಗಷ್ಟೇ ಬರೆದದ್ದು, ಈಗಷ್ಟೇ ಓದಿದ್ದು. ಬೀಗ ಹಾಕಿದವನು ನಾನು. ಮೂರೇ ಪದ. ಹೊಸಿಲು ದಾಟುತ್ತಿದ್ದ ಹಾಗೆ ಎಂಟು ಹೆಂಗಸರೂ ಮತ್ತೆ ಎದ್ದು ನಿಂತರು. ಒಬ್ಬಳು ಮಗುವಿನ ಬಾಯಿಂದ ಬೆರಳು ತೆಗೆಸಿದಳು. ಇನ್ನೊಬ್ಬಳು ಸೆರಗು ಸರಿಮಾಡಿಕೊಂಡಳು. ಡ್ರೈವರು ಜೀಪಿಗೆ ಒರಗಿಕೊಂಡು ಮುಗುಳ್ನಗುತ್ತಿದ್ದ, ಸಾಹೇಬರು ಇವತ್ತು ಏನು ಮಾತು ಒಗೆಯುತ್ತಾರೋ ಎಂದು. ಅವರು ಕೂತೇ ಇದ್ದಿದ್ದರೆ ಹೇಳುತ್ತಿದ್ದನೇನೋ. ಹಾಗೆಂದು ಆಮೇಲೆ ಬಹಳ ದಿನ ನಂಬಲು ನೋಡಿದ.

"ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದ. "ಬ್ಯಾಟರಿ ಹಾಳಾಗಿದೆ. ಹದಿನೈದು ದಿನದಲ್ಲಿ ಹೊಸದು ಬರುತ್ತೆ."

"ಅಯ್ಯೋ, ಅಷ್ಟು ಒಳ್ಳೇದು ಯಾಕೆ ಹಾಳಾಯ್ತು ಸಾಹೇಬ್ರೆ?" ಎಂದಳು ಅಜ್ಜಿ.

"ನೀರು ಒಣಗಿತ್ತು, ಅಜ್ಜಿ."

"ಯಾರು ನೋಡ್ಕೋಬೇಕಿತ್ತು ಅದನ್ನ?"

ನೇರವಾಗಿ, ಎದುರಿಗೆ, ಮೂರು ಹಲ್ಲಿನ ಬಾಯಿಂದ ಬಂದ ಪ್ರಶ್ನೆ. ಇದಕ್ಕಿಂತ ಸುಲಭವಾಗಿ ಬಾಗಿಲು ತೆರೆದುಕೊಡುವವರು ಯಾರೂ ಇರಲಿಲ್ಲ. ಹಾಳೆ ಕೈಯಲ್ಲೇ ಇತ್ತು. ಬೆನ್ನ ಹಿಂದೆ, ಬಾಗಿಲಿನ ಒಳಗೆ, ನರ್ಸು ಉಸಿರು ಬಿಗಿಹಿಡಿದು ನಿಂತಿರುವುದು ಅವನಿಗೆ ತಿಳಿಯುತ್ತಿತ್ತು. ಬಾಯಿ ತೆರೆದ. ಬಾಯಿ ತನ್ನ ಹಳೆಯ ರೂಢಿಯಂತೆ ತನ್ನ ದಾರಿ ತಾನು ನೋಡಿಕೊಂಡಿತು.

"ತಪ್ಪು ಅಂತ ಯಾರದ್ದೂ ಇಲ್ಲ ಅಜ್ಜಿ. ಆಗಬಾರದಿತ್ತು, ಆಗಿಹೋಯ್ತು." ಸಾಲದು ಅನಿಸಿತು. ಇನ್ನೊಂದಿಷ್ಟು ಸೇರಿಸಿದ. "ಸಿಸ್ಟರನ್ನ ಯಾರೂ ಏನೂ ಅನ್ನಬೇಡಿ. ಪಾಪ, ಒಳ್ಳೆಯವರು ಅವರು."

ಅಜ್ಜಿ ಲೊಚಗುಟ್ಟಿ, ಬಲಕ್ಕೆ ಎಡಕ್ಕೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ನೋಡ್ರೇ ನೋಡ್ರೇ, ಎಂಥಾ ದೊಡ್ಡ ಮನಸ್ಸು! ಅಷ್ಟು ದೊಡ್ಡ ಯಂತ್ರ ಹಾಳು ಮಾಡಿ ಕೂತಿದ್ರೂ ಒಂದು ಮಾತು ಆಡಲಿಲ್ಲ ಪುಣ್ಯಾತ್ಮ. ಅವಳ ತಪ್ಪನ್ನ ತಾನೇ ಮುಚ್ಚಿಹಾಕ್ತಾ ಇದ್ದಾನೆ." ಹೆಂಗಸರು ತಲೆದೂಗಿದರು. ಇಲ್ಲ ಎನ್ನಬೇಕು. ಇಲ್ಲ ಅಜ್ಜಿ, ಹಾಗಲ್ಲ, ಎನ್ನಬೇಕು. ಹೊಗಳಿಕೆ ಕಿವಿಗೆ ಬಿದ್ದಾಗ ಅವನ ತಲೆ ಯಾವಾಗಲೂ ಸ್ವಲ್ಪ ಬಾಗುತ್ತದೆ, ವಿನಯದಿಂದ. ಈಗಲೂ ಬಾಗಿತು. ಅದನ್ನು ಎಲ್ಲರೂ ನೋಡಿದರು.

"ಹಾಗಾದ್ರೆ ಇವತ್ತು ಸೂಜಿ ಹಾಕಿಸಬಹುದಾ ಸಾಹೇಬ್ರೆ?" ಎಂದಳು ಅಜ್ಜಿಯ ಸೊಸೆ, ಮಗುವನ್ನು ಹೆಗಲಿಂದ ಹೆಗಲಿಗೆ ಬದಲಿಸುತ್ತ. ಕೆಳಗಿನ ಹಳ್ಳಿಯ ದಡಾರದ ಹೆದರಿಕೆ ಅವಳ ಕಣ್ಣಲ್ಲಿತ್ತು.

"ಹಾಕಿಸಿ, ಹಾಕಿಸಿ. ಐಸಲ್ಲಿ ಇಟ್ಟು ತಂದಿದ್ದಾರೆ, ಚೆನ್ನಾಗಿದೆ."

"ಅವರು ಹಾಗೇ ಅನ್ನೋದು ಕಣೇ, ಮನಸ್ಸು ನೋಯಿಸಬಾರದು ಅಂತ," ಎಂದು ಅಜ್ಜಿ ಸೊಸೆಯ ತೋಳು ಹಿಡಿದಳು. "ಹೊಸ ಬ್ಯಾಟರಿ ಬರಲಿ, ಹೊಸ ಸಿಸ್ಟರು ಬರಲಿ, ಆಮೇಲೆ ನೋಡೋಣ. ನಡಿ." ಒಬ್ಬೊಬ್ಬರಾಗಿ ಮೆಟ್ಟಿಲಿಳಿದರು. ಇಳಿಯುವಾಗ ಪ್ರತಿಯೊಬ್ಬರೂ ಅವನಿಗೆ ಬರ್ತೀವಿ ಸಾಹೇಬ್ರೆ ಅಂದರು. ಎಂಟನೆಯವಳೂ ಅಂದಳು.

ತಿರುಗಿ ನೋಡಿದಾಗ ನರ್ಸು ಅಲ್ಲಿರಲಿಲ್ಲ. ಒಳಗೆ ಮೇಜಿನ ಹತ್ತಿರ ನಿಂತು, ಆರಿದ ಚಹಾದ ಲೋಟವನ್ನು ಪಕ್ಕಕ್ಕೆ ಸರಿಸುತ್ತಿದ್ದಳು. ಬೈದರೆ ಚೆನ್ನಾಗಿತ್ತು. ಕಿರುಚಿದರೆ ಇನ್ನೂ ಚೆನ್ನಾಗಿತ್ತು. "ನಾನು ಹೇಳಬೇಕು ಅಂತಲೇ..." ಎಂದು ಅವನು ಶುರುಮಾಡಿದ.

"ಸಹಿ ಎಲ್ಲಿ ಮಾಡಬೇಕು ಸರ್?" ಎಂದಳು.

ಅವನು ತೋರಿಸಿದ. ಅವನು ಬರೆದದ್ದೆಲ್ಲದರ ಕೆಳಗೆ, ಇದರಲ್ಲಿ ನರ್ಸಿನ ತಪ್ಪು ಏನೂ ಇಲ್ಲ ಎನ್ನುವ ಸಾಲಿನ ಕೆಳಗೆ, ಅವಳು ನಿಧಾನವಾಗಿ ಪೂರ್ತಿ ಹೆಸರು ಬರೆದು, ತಾರೀಖು ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿ ಕೊಟ್ಟಳು. ಆಮೇಲೆ ನೀಲಿ ಪೆಟ್ಟಿಗೆಯನ್ನು ಎತ್ತಿ ಕೋಣೆಯ ತಣ್ಣನೆಯ ಮೂಲೆಗೆ ಇಟ್ಟು, ಅದರ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಳು. ಸಂಜೆಗೆ ಇನ್ನೂ ಆರು ಗಂಟೆಯಿತ್ತು.

ಜೀಪು ಇಳಿಜಾರಿನಲ್ಲಿ ತಿರುಗಿದಾಗ ಹೆಂಗಸರು ದಾರಿಯ ಅಂಚಿನಲ್ಲಿ ಸಾಲಾಗಿ ನಡೆಯುತ್ತಿದ್ದರು. ಡ್ರೈವರು ವೇಗ ತಗ್ಗಿಸಿದ. "ನಿಲ್ಲಿಸಲಾ ಸಾರ್? ಏನಾದ್ರೂ ಹೇಳೋದಿದೆಯಾ?" ಎಂದ. ಅವನಿಗೇನು ಗೊತ್ತಿತ್ತು, ಸುಮ್ಮನೆ ಕೇಳಿದ್ದು. ಅಜ್ಜಿಯ ಸೊಸೆ ಹಿಂತಿರುಗಿ ನೋಡಿ, ಮಗುವನ್ನು ಜೀಪಿನ ಕಡೆ ತಿರುಗಿಸಿ, ಅದರ ಮೊಣಕೈ ಹಿಡಿದು ಆಡಿಸಿದಳು. "ನೋಡು, ಬಿಸಿಲು ಸಾಹೇಬ್ರು. ಟಾಟಾ ಮಾಡು, ಮಾಡು." ಒಂಬತ್ತು ತಿಂಗಳಿರಬಹುದು ಮಗುವಿಗೆ. ಮೂಗು ಸ್ವಲ್ಪ ಸುರಿಯುತ್ತಿತ್ತು. ಅದು ಅವನನ್ನೇ ನೋಡಿ, ತಾನಾಗಿಯೇ ಕೈ ಎತ್ತಿ ಬೆರಳು ಮಡಿಸಿ ಬಿಚ್ಚಿತು.

"ಬೇಡ, ನಡಿ," ಎಂದು ಡ್ರೈವರಿಗೆ ಹೇಳಿ, ಅವನೂ ಕಿಟಕಿಯಿಂದ ಕೈ ಹೊರಗೆ ಚಾಚಿ ಬೀಸಿದ.